ಸಮೋಸಿರ್: ಮನೆಮಂದಿಯೊಂದಿಗೆ ಜ್ವಾಲಾಮುಖಿಯ ಒಡಲಿಗೆ

ಸುಮಾತ್ರಾದ ತೋಬಾ ಸರೋವರ ತೋರಿಸುವ ಅನೇಕ ಪ್ಯಾಕೇಜ್ ಪ್ರವಾಸಗಳು ಅದರ ನಡುವಿನ ಸಮೋಸಿರ್ ದ್ವೀಪಕ್ಕೆ ಎತ್ತಿಡುವುದು ಅರ್ಧ ದಿನ ಮಾತ್ರ. ಪರಾಪಟ್ ಊರಿನಲ್ಲಿ ದೋಣಿ ಹತ್ತಿಸುತ್ತಾರೆ, ಎದುರು ದಡದ ತೋಮೋಕ್‌ನಲ್ಲಿ ಇಳಿಸುತ್ತಾರೆ, ಹಳೆಯ ಅರಸರ ಕಲ್ಲುಗೋರಿ ತೋರಿಸುತ್ತಾರೆ, ಅಂಗಡಿ ಸಾಲಿನಲ್ಲಿ ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ದೋಣಿ ಹತ್ತಿಸುತ್ತಾರೆ. ಮಕ್ಕಳು, ಮನೆಯ ಹಿರಿಯರನ್ನು ಕರೆದುಕೊಂಡು ಹೊರಟವರಿಗೆ ನನ್ನ ಸಲಹೆ ಒಂದೇ: ಅರ್ಧ ದಿನಕ್ಕಾದರೆ ಅಷ್ಟು ದೂರ ಹೋಗಬೇಡಿ. ದ್ವೀಪದಲ್ಲಿ ಕನಿಷ್ಠ ನಾಲ್ಕು ರಾತ್ರಿ ತಂಗಲು ಸಾಧ್ಯವಾದಾಗ ಹೋಗಿ, ಒಂದೇ ಕಡೆ ಠಿಕಾಣಿ ಹೂಡಿ. ಈ ಜಾಗದ ದೊಡ್ಡತನ ಅವಸರದಲ್ಲಿ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಯಾಕೆಂದರೆ ಇಲ್ಲಿ ಜ್ವಾಲಾಮುಖಿ ಹುಡುಕಿದರೆ ಕಾಣುವುದಿಲ್ಲ. ಮಕ್ಕಳ ಚಿತ್ರಪುಸ್ತಕದಲ್ಲಿರುವಂಥ ಚೂಪು ಬೆಟ್ಟ, ತುದಿಯಲ್ಲಿ ಹೊಗೆ, ಯಾವುದೂ ಇಲ್ಲ. ನೀವು ದೋಣಿಯಲ್ಲಿ ಕುಳಿತಿರುವ ನೀರು, ಸುತ್ತ ಎದ್ದು ನಿಂತ ಕಡಿದಾದ ಗೋಡೆಯಂಥ ಗುಡ್ಡ, ಕಾಲಿಡಲಿರುವ ದ್ವೀಪ ಎಲ್ಲವೂ ಸೇರಿಯೇ ಆ ಜ್ವಾಲಾಮುಖಿ. ಸುಮಾರು 74 ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲದಡಿಯ ಶಿಲಾಪಾಕ ಮಹಾಸ್ಫೋಟವಾಗಿ ಹೊರಬಿತ್ತು. ಒಳಗೆಲ್ಲ ಬರಿದಾದಾಗ ಮೇಲಿನ ನೆಲ ಕುಸಿಯಿತು. ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಆ ಹೊಂಡದಲ್ಲಿ ಮಳೆನೀರು, ಹೊಳೆನೀರು ತುಂಬಿ ಸಿಹಿನೀರಿನ ಸರೋವರವಾಯಿತು. ಅದರ ಆಳ ಕೆಲವೆಡೆ 500 ಮೀಟರ್ ದಾಟುತ್ತದೆ. ಆಮೇಲೆ ಅಡಿಯಲ್ಲಿ ಮತ್ತೆ ಶಿಲಾಪಾಕ ಸೇರತೊಡಗಿ, ಕುಸಿದಿದ್ದ ತಳವೇ ಕೆಂಡದ ಮೇಲಿನ ಫುಲ್ಕಾದ ಹಾಗೆ ಉಬ್ಬಿ, ನಿಧಾನವಾಗಿ ನೀರಿನಿಂದ ಮೇಲೆದ್ದಿತು. ಅದೇ ಸಮೋಸಿರ್. ದ್ವೀಪದ ಎತ್ತರದ ಜಾಗಗಳಲ್ಲಿ ಇಂದಿಗೂ ಸರೋವರದ ತಳದ ಹೂಳಿನ ಪದರಗಳಿವೆ. ಒಂದು ಕಾಲಕ್ಕೆ ಮೀನು ಓಡಾಡಿದ ನೆಲದ ಮೇಲೆ ಈಗ ಭತ್ತ, ಕಾಫಿ ಬೆಳೆಯುತ್ತಾರೆ.

ಈ ಸ್ಫೋಟಕ್ಕೂ ನಮಗೂ ನೇರ ನಂಟಿದೆ. ತೋಬಾದ ಬೂದಿ ಬಂಗಾಳ ಕೊಲ್ಲಿ ದಾಟಿ ಭಾರತದ ಮೇಲೂ ಸುರಿಯಿತು. ಬಳ್ಳಾರಿಯಿಂದ ಬಹಳ ದೂರವೇನಿಲ್ಲದ, ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ಆ ಬೂದಿಯ ದಪ್ಪ ಪದರ ಪತ್ತೆಯಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆದು, ಬೂದಿಯ ಕೆಳಗೂ ಮೇಲೂ ಮನುಷ್ಯರು ಮಾಡಿದ ಕಲ್ಲಿನ ಹತಾರಗಳನ್ನು ಕಂಡುಹಿಡಿದು 2007ರಲ್ಲಿ ಪ್ರಕಟಿಸಿತು. ಅಂಥ ಉತ್ಪಾತದ ನಂತರವೂ ಇಲ್ಲಿ ಜನ ಬದುಕು ಮುಂದುವರಿಸಿದರು ಎಂಬುದಕ್ಕೆ ಅದು ಸಾಕ್ಷಿ ಎಂದು ಅವರ ವಾದ. ಹೊರಡುವ ಮುನ್ನವೇ ಮಕ್ಕಳಿಗೆ ಈ ಕಥೆ ಹೇಳಿ, ಭೂಪಟದಲ್ಲಿ ಎರಡೂ ಜಾಗಕ್ಕೆ ಗುರುತು ಹಾಕಿಸಿ. ಸರೋವರದ ದಡದಲ್ಲಿ ನಿಂತಾಗ ಅವರಿಗೆ ಏನು ನೋಡುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. ಯುನೆಸ್ಕೊ 2020ರಲ್ಲಿ ತೋಬಾವನ್ನು ಜಾಗತಿಕ ಜಿಯೋಪಾರ್ಕ್ ಪಟ್ಟಿಗೆ ಸೇರಿಸಿದ್ದೂ ಈ ಭೂಚರಿತ್ರೆಗಾಗಿ.

ಹೋಗುವ ದಾರಿ

ಬೆಂಗಳೂರಿನಿಂದ ಅನುಕೂಲದ ದಾರಿ ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಮೇದಾನ್ ನಗರದ ಕ್ವಾಲಾನಾಮು ನಿಲ್ದಾಣ ತಲುಪುವುದು. ಕ್ವಾಲಾಲಂಪುರದಿಂದ ಮೇದಾನ್‌ಗೆ ಹಾರಾಟ ಒಂದು ತಾಸಿನದು. ಭಾರತೀಯರಿಗೆ ಇಂಡೊನೇಷ್ಯಾದಲ್ಲಿ ಇಳಿದ ಮೇಲೆ ಪಡೆಯುವ ವೀಸಾ ಸೌಲಭ್ಯವಿದೆ. ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಂಡರೆ ರಾತ್ರಿ ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಶುಲ್ಕ 5 ಲಕ್ಷ ರುಪಿಯಾ, ಅವಧಿ 30 ದಿನ. ಅದು ಅಲ್ಲಿನ ದುಡ್ಡು, ನಮ್ಮ ಲೆಕ್ಕದಲ್ಲಿ ಕೆಲವು ಸಾವಿರವಷ್ಟೇ. ಕೈಗೂಸಿಗೂ ಪ್ರತ್ಯೇಕ ವೀಸಾ ಬೇಕು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಇರಬೇಕು, ವಾಪಸು ಟಿಕೆಟ್ ಕೈಯಲ್ಲಿರಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮುನ್ನ ಸರಕಾರಿ ಜಾಲತಾಣವನ್ನೊಮ್ಮೆ ನೋಡಿಕೊಳ್ಳಿ.

ಮೇದಾನ್‌ನಲ್ಲಿ ಇಳಿದ ದಿನವೇ ಸರೋವರಕ್ಕೆ ಓಡಬೇಡಿ. ಒಂದು ರಾತ್ರಿ ಅಲ್ಲೇ ಕಳೆಯಿರಿ. ತಂಬಾಕು ತೋಟಗಳ ಕಾಲದಲ್ಲಿ ಬಂದ ತಮಿಳು ಕೂಲಿಕಾರರ ಸಂತತಿ ಈ ನಗರದಲ್ಲಿದೆ. ಅವರು ನೆಲೆಸಿದ ಕಂಪುಂಗ್ ಮದ್ರಾಸ್ ಎಂಬ ಬೀದಿಗಳಲ್ಲಿ 1884ರ ಶ್ರೀ ಮಾರಿಯಮ್ಮನ್ ಗುಡಿಯಿದೆ, ದಕ್ಷಿಣ ಭಾರತದ ಊಟ ಸಿಗುತ್ತದೆ. ಸಸ್ಯಾಹಾರಿ ಕುಟುಂಬಗಳು ಹೊಟ್ಟೆತುಂಬ ಉಂಡು ಹೊರಡಲು ಇದೇ ಸರಿಯಾದ ಜಾಗ.

ಮೇದಾನ್‌ನಿಂದ ಪರಾಪಟ್ ಸುಮಾರು 170 ಕಿ.ಮೀ. ಟೋಲ್ ರಸ್ತೆ ಬಂದ ಮೇಲೆ ಕಾರಿನಲ್ಲಿ ನಾಲ್ಕು ತಾಸಿನ ಆಸುಪಾಸು ಸಾಕು. ಕೊನೆಯ ಭಾಗ ಘಾಟಿ ರಸ್ತೆ, ತಿರುವು ಜಾಸ್ತಿ. ಕಾರಿನಲ್ಲಿ ವಾಂತಿಯಾಗುವ ಮಕ್ಕಳಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಹೋಟೆಲಿನ ಮೂಲಕ ಚಾಲಕನ ಸಮೇತ ಕಾರು ಗೊತ್ತುಮಾಡುವುದು ನಾಲ್ಕೈದು ಜನರ ಕುಟುಂಬಕ್ಕೆ ಲೇಸು. ಬೆರಸ್ತಗಿ ಮೂಲಕ ಸುತ್ತಿಕೊಂಡು ಹೋಗುವ ಇನ್ನೊಂದು ದಾರಿಯಿದೆ. ಅದರಲ್ಲಿ ಸರೋವರದ ಉತ್ತರ ತುದಿಯ ಸಿಪಿಸೊ-ಪಿಸೊ ಜಲಪಾತ ಸಿಗುತ್ತದೆ, ಸುಮಾರು 120 ಮೀಟರ್ ಎತ್ತರದಿಂದ ಒಂದೇ ಧಾರೆ. ಆದರೆ ಆ ಬದಿಯಲ್ಲಿ ಸಿನಾಬುಂಗ್ ಎಂಬ ಜೀವಂತ ಜ್ವಾಲಾಮುಖಿಯಿದೆ. ನೂರಾರು ವರ್ಷ ಸುಮ್ಮನಿದ್ದು 2010ರಲ್ಲಿ ಎಚ್ಚೆತ್ತ ಅದು ಮುಂದಿನ ವರ್ಷಗಳಲ್ಲಿ ಪದೇಪದೇ ಬೂದಿ ಕಾರಿ ಹಳ್ಳಿಗಳನ್ನೇ ಖಾಲಿ ಮಾಡಿಸಿತು. ಅತ್ತ ಹೋಗುವುದಿದ್ದರೆ ಆ ವಾರದ ಎಚ್ಚರಿಕೆ ಮಟ್ಟ ಏನಿದೆ ಎಂದು ವಿಚಾರಿಸಿಯೇ ಹೊರಡಿ. ಸಮೋಸಿರ್‌ನ ಚಿಂತೆ ಬೇರೆ. ಇಲ್ಲಿ ಹೆದರಬೇಕಾದದ್ದು ಬೆಂಕಿಗಲ್ಲ, ನೀರಿಗೆ.

ದೋಣಿ ಹತ್ತುವ ಮುನ್ನ

ಪರಾಪಟ್‌ನ ತಿಗಾರಾಜಾ ಕಟ್ಟೆಯಿಂದ ತುಕ್‌ತುಕ್‌ಗೆ ಜನ ಸಾಗಿಸುವ ದೋಣಿಗಳು ಹೊರಡುತ್ತವೆ. ಕಾರು ಸಮೇತ ಹೋಗುವವರಿಗೆ ಪಕ್ಕದ ಅಜಿಬಾತಾದಿಂದ ದೊಡ್ಡ ಲಾಂಚ್ ಉಂಟು. ತುಕ್‌ತುಕ್ ಎಂಬುದು ದ್ವೀಪದಿಂದ ಸರೋವರಕ್ಕೆ ಚಾಚಿದ ಪುಟ್ಟ ನೆಲದ ತುಂಡು, ತಂಗುದಾಣಗಳು ಹೆಚ್ಚಾಗಿ ಇರುವುದು ಅಲ್ಲೇ. ಎರಡಂತಸ್ತಿನ ಮರದ ದೋಣಿ, ಕೆಳಗೆ ಬೆಂಚು, ಮೇಲೆ ಬಯಲು. ಕಟ್ಟೆ ಬಿಡುವ ಮೊದಲು ಹುಡುಗರು ನೀರಿಗೆ ಹಾರಿ, ಪ್ರಯಾಣಿಕರು ಎಸೆದ ನಾಣ್ಯಕ್ಕೆ ಮುಳುಗುಹಾಕುವುದುಂಟು. ಹತ್ತುವಾಗಲೇ ಹೋಟೆಲಿನ ಹೆಸರು ಹೇಳಿಬಿಡಿ. ದೋಣಿ ತುಕ್‌ತುಕ್‌ನ ಅಂಚು ಹಿಡಿದು ಒಂದೊಂದೇ ಹೋಟೆಲಿನ ಸ್ವಂತ ಕಟ್ಟೆಗೆ ತಾಗುತ್ತ ಹೋಗುತ್ತದೆ, ನಿಮ್ಮನ್ನು ನಿಮ್ಮ ಬಾಗಿಲಲ್ಲೇ ಇಳಿಸುತ್ತದೆ. ಅಜ್ಜಿ ತಾತನಿಗೆ ಇದಕ್ಕಿಂತ ಸುಖದ ಏರ್ಪಾಡು ಬೇರಿಲ್ಲ. ಹೊರಡುವ ದಿನ ಅದೇ ಕಟ್ಟೆಯಲ್ಲಿ ನಿಂತು ಕೈಬೀಸಿದರೆ ದೋಣಿ ಬಂದು ಹತ್ತಿಸಿಕೊಳ್ಳುತ್ತದೆ.

ಆದರೆ ಈ ನೀರಿಗೆ ಮರ್ಯಾದೆ ಕೊಡಲೇಬೇಕು. 2018ರ ಜೂನ್ 18ರ ಸಂಜೆ, ಈದ್ ರಜೆಯ ನೂಕುನುಗ್ಗಲಿನ ದಿನಗಳಲ್ಲಿ, ದ್ವೀಪದ ಸಿಮಾನಿಂದೊದಿಂದ ತಿಗಾರಾಸ್‌ಗೆ ಹೊರಟಿದ್ದ ‘ಸಿನಾರ್ ಬಂಗುನ್’ ಎಂಬ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಹಿಡಿಸಬೇಕಾದ್ದಕ್ಕಿಂತ ಹಲವು ಪಟ್ಟು ಜನ ಮತ್ತು ಮೋಟಾರ್ ಸೈಕಲ್‌ಗಳನ್ನು ಅದರಲ್ಲಿ ತುಂಬಿದ್ದರು. ಸಾಕಷ್ಟು ಲೈಫ್ ಜಾಕೆಟ್ ಇರಲಿಲ್ಲ, ಯಾರು ಯಾರು ಹತ್ತಿದ್ದರು ಎಂಬ ಪಟ್ಟಿಯೂ ಇರಲಿಲ್ಲ. 160ಕ್ಕೂ ಹೆಚ್ಚು ಜನ ಮರಳಿ ಬರಲಿಲ್ಲ. ದೋಣಿ ಸುಮಾರು 450 ಮೀಟರ್ ಆಳದಲ್ಲಿ ಪತ್ತೆಯಾಯಿತು, ಅದನ್ನು ಮೇಲೆತ್ತಲು ಆಗಲೇ ಇಲ್ಲ.

ಆದ್ದರಿಂದ ಈದ್ ಮತ್ತು ಕ್ರಿಸ್‌ಮಸ್–ಹೊಸವರ್ಷದ ವಾರಗಳನ್ನು ಬಿಟ್ಟು ಹೋಗಿ. ಸರೋವರ ಸಾಮಾನ್ಯವಾಗಿ ಬೆಳಗಿನ ಹೊತ್ತು ಶಾಂತ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ; ಬೆಳಿಗ್ಗೆಯೇ ದಾಟಿ. ಜನ ತುಂಬಿ ತುಳುಕುವ ದೋಣಿ ಕಂಡರೆ ಟಿಕೆಟ್ ದುಡ್ಡಿನ ಮುಖ ನೋಡದೆ ಬಿಟ್ಟುಬಿಡಿ, ಮುಂದಿನದಕ್ಕೆ ಕಾಯಿರಿ. ಲೈಫ್ ಜಾಕೆಟ್ ತಲೆಯ ಮೇಲಿನ ಗೂಡಿನಲ್ಲಿದ್ದರೆ ಸಾಲದು, ಕೇಳಿ ಇಳಿಸಿಕೊಂಡು ತೊಡಿಸಿ. ದೊಡ್ಡವರ ಜಾಕೆಟ್ಟು ಮೂರು ವರ್ಷದ ಮಗುವಿನ ಮೈಯಿಂದ ನೀರಿಗೆ ಬಿದ್ದ ಕ್ಷಣವೇ ಕಳಚಿಹೋಗುತ್ತದೆ. ಹಾಗಾಗಿ ಮಗುವಿನ ಅಳತೆಯ, ಕಾಲ ಸಂದಿಯಲ್ಲಿ ಪಟ್ಟಿಯಿರುವ ಜಾಕೆಟ್ಟನ್ನು ಊರಿಂದಲೇ ಕೊಂಡೊಯ್ಯಿರಿ. ಪೆಟ್ಟಿಗೆಯಲ್ಲಿ ಒಂದು ಜೊತೆ ಬಟ್ಟೆಯ ಜಾಗ ಹಿಡಿಯುತ್ತದೆ, ಅಷ್ಟೇ.

ದೋಣಿಯೇ ಬೇಡ ಎನ್ನುವವರಿಗೂ ದಾರಿಯಿದೆ. ಸಮೋಸಿರ್ ಮೊದಲು ಪಶ್ಚಿಮದಲ್ಲಿ ಸಣ್ಣ ನೆಲಪಟ್ಟಿಯಿಂದ ಸುಮಾತ್ರಾಕ್ಕೆ ಅಂಟಿಕೊಂಡಿತ್ತು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಾಲುವೆ ಕಡಿದರು, ಆಗಲೇ ಅದು ಪೂರ್ತಿ ದ್ವೀಪವಾದದ್ದು. ಪಂಗುರುರಾನ್ ಪೇಟೆಯ ಬಳಿ ಆ ಕಾಲುವೆಗೆ ಸೇತುವೆಯಿದೆ. ಬೆರಸ್ತಗಿ, ತೆಲೆ ಮೂಲಕ ಕಾರಿನಲ್ಲಿ ಬಂದು ಸೇತುವೆ ದಾಟಬಹುದು. ಸಮಯ ಹೆಚ್ಚು, ತಿರುವು ಇನ್ನೂ ಹೆಚ್ಚು. ಆದರೆ ತೆಲೆಯ ಮೇಲಿನಿಂದ ಸರೋವರ, ದ್ವೀಪ ಒಟ್ಟಿಗೆ ಕಾಣುವ ನೋಟಕ್ಕೆ ಆ ಆಯಾಸ ಸಾರ್ಥಕ.

ದ್ವೀಪದ ದಿನಗಳು

ಸರೋವರದ ಮಟ್ಟ ಸಮುದ್ರದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನ ಎತ್ತರ. ಸಮಭಾಜಕವೃತ್ತದ ಪಕ್ಕದಲ್ಲಿದ್ದರೂ ಸೆಕೆಯಿಲ್ಲ, ರಾತ್ರಿ ಒಂದು ತೆಳು ಸ್ವೆಟರ್ ಬೇಕು. ಬಿಸಿಲು ಮಾತ್ರ ಚುರುಕು, ಮಕ್ಕಳಿಗೆ ಟೋಪಿ ಹಾಕಿಸಿ. ಮಳೆ ಯಾವ ತಿಂಗಳಲ್ಲೂ ಬರಬಹುದು. ಜೂನ್–ಜುಲೈನಲ್ಲಿ ಕಡಿಮೆ, ಅಕ್ಟೋಬರ್–ನವೆಂಬರ್‌ನಲ್ಲಿ ಜೋರು. ದಸರಾ ರಜೆಗಿಂತ ಬೇಸಿಗೆ ರಜೆ ಮೇಲು.

ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಕೋಣೆ ಹಿಡಿಯುವಾಗಲೇ ನೀರಿನ ಅಂಚು ಎಷ್ಟು ದೂರ, ನಡುವೆ ಬೇಲಿ ಇದೆಯೇ, ಈಜಲು ಕಟ್ಟಿದ ಜಾಗ ಇದೆಯೇ ಎಂದು ಕೇಳಿರಬೇಕು. ತೋಬಾದ ದಡ ಬೀಚಿನಂತೆ ಮೆಲ್ಲಗೆ ಇಳಿಯುವುದಿಲ್ಲ. ನಾಲ್ಕು ಹೆಜ್ಜೆಗೆ ಮೊಣಕಾಲುದ್ದ ಇದ್ದ ನೀರು ಐದನೇ ಹೆಜ್ಜೆಗೆ ತಳವಿಲ್ಲದಂತಾಗಬಹುದು. ಈಜು ಬಲ್ಲ ಮಕ್ಕಳಿಗೂ ಜಾಕೆಟ್ ಹಾಕಿಸಿ, ದೊಡ್ಡವರೊಬ್ಬರು ಜೊತೆಗೆ ನೀರಿನಲ್ಲೇ ಇರಿ. ದಡದಲ್ಲಿ ಕುಳಿತು ಫೋನ್ ನೋಡುತ್ತ ಕಾಯುವ ಜಾಗ ಇದಲ್ಲ. ಈ ಎಚ್ಚರವಿದ್ದರೆ, ಉಪ್ಪಿಲ್ಲದ, ಅಲೆ ಕಡಿಮೆಯಿರುವ ಈ ತಣ್ಣನೆ ನೀರು ಮಕ್ಕಳಿಗೆ ಸಮುದ್ರಕ್ಕಿಂತ ಎಷ್ಟೋ ಹಿತ.

ಸುತ್ತಾಟಕ್ಕೆ ಸ್ಕೂಟರ್ ಸುಲಭವಾಗಿ ಬಾಡಿಗೆಗೆ ಸಿಗುತ್ತದೆ, ಅಲ್ಲೂ ನಮ್ಮಂತೆ ಎಡಬದಿಯ ಸಂಚಾರ. ಆದರೂ ಮಕ್ಕಳನ್ನು ಮುಂದೊಂದು ಹಿಂದೊಂದು ಕೂರಿಸಿಕೊಂಡು ಹೊರಡಬೇಡಿ. ದ್ವೀಪದಲ್ಲಿ ದೊಡ್ಡ ಆಸ್ಪತ್ರೆ ಎಂದರೆ ಪಂಗುರುರಾನ್‌ನಲ್ಲಿರುವ ಸರಕಾರಿ ಆಸ್ಪತ್ರೆ, ತುಕ್‌ತುಕ್‌ನಿಂದ ಸುಮಾರು 40 ಕಿ.ಮೀ. ಅದಕ್ಕೂ ಮೀರಿದ್ದಕ್ಕೆ ಸರೋವರ ದಾಟಿ ಮೇದಾನ್ ದಾರಿಯಲ್ಲಿರುವ ಸಿಯಾಂತಾರ್ ಪಟ್ಟಣಕ್ಕೆ ಅಥವಾ ಮೇದಾನ್‌ಗೇ ಹೋಗಬೇಕು. ದಿನದ ಲೆಕ್ಕದಲ್ಲಿ ಚಾಲಕನ ಸಮೇತ ಕಾರು ಹಿಡಿಯಿರಿ. ತುಕ್‌ತುಕ್‌ನ ಒಳಗಿನ ರಸ್ತೆ ಕೆಲವೇ ಕಿಲೋಮೀಟರಿನದು, ನಡಿಗೆಗೆ, ಸೈಕಲ್ಲಿಗೆ ಚೆನ್ನ. ಬೀದಿನಾಯಿಗಳನ್ನು ಮಕ್ಕಳು ಮುಟ್ಟದಿರಲಿ, ಪರಾಪಟ್ ರಸ್ತೆಯ ಕೋತಿಗಳನ್ನೂ. ಸೊಳ್ಳೆ ಮುಲಾಮು ಇಟ್ಟುಕೊಳ್ಳಿ.

ದ್ವೀಪದವರು ತೋಬಾ ಬಟಾಕ್ ಜನ. ಬಹುಪಾಲು ಕ್ರೈಸ್ತರು, ಆದರೆ ಹಿರಿಯರ ಆರಾಧನೆ, ಕುಲದ ಹೆಸರು, ಮನೆತನದ ಕಟ್ಟುಪಾಡು ಇನ್ನೂ ಗಟ್ಟಿಯಾಗಿವೆ. ಗದ್ದೆಯ ನಡುವೆ ಪುಟ್ಟ ಮನೆಯಂತೆ, ಕೆಲವೆಡೆ ಗೋಪುರದಂತೆ ಕಟ್ಟಿರುವ ಸಿಮೆಂಟ್ ಕಟ್ಟಡಗಳನ್ನು ನೋಡಿ ಮಕ್ಕಳು ‘ಅದೇನು’ ಎಂದು ಕೇಳೇ ಕೇಳುತ್ತಾರೆ. ಅವು ಗೋರಿಗಳು. ಹೂತ ಹಿರಿಯರ ಎಲುಬುಗಳನ್ನು ವರ್ಷಗಳ ಬಳಿಕ ತೆಗೆದು, ಇಡೀ ಕುಲ ಸೇರಿ ಹಬ್ಬ ಮಾಡಿ, ಇಂಥ ಗೋರಿಗಳಲ್ಲಿ ಇರಿಸುವ ಪದ್ಧತಿ ಅವರದು. ಹತ್ತಿರ ಹೋಗಿ ಫೋಟೊ ತೆಗೆಯುವ ಮೊದಲು ಯಾರನ್ನಾದರೂ ಕೇಳಿ. ಎದುರಾದವರಿಗೆ ‘ಹೊರಾಸ್’ ಎಂದು ನಮಸ್ಕರಿಸಿದರೆ ಮುಖ ಅರಳುತ್ತದೆ. ಭಾನುವಾರ ಬೆಳಿಗ್ಗೆ ಜನ ಚರ್ಚಿನಲ್ಲಿರುತ್ತಾರೆ, ಆ ಹೊತ್ತಿಗೆ ಪ್ರವಾಸದ ಕೆಲಸ ಇಟ್ಟುಕೊಳ್ಳದಿರುವುದು ಒಳ್ಳೆಯದು. ಬಟಾಕರ ಸಮೂಹ ಗಾಯನ ಇಡೀ ಇಂಡೊನೇಷ್ಯಾದಲ್ಲಿ ಹೆಸರಾದದ್ದು. ಚರ್ಚಿನ ಹೊರಗೆ ಸ್ವಲ್ಪ ಹೊತ್ತು ನಿಂತು ಕೇಳಿ.

ದ್ವೀಪದ ಅಂಬರಿತಾ ಊರಿನ ಸಿಯಲ್ಲಾಗನ್ ಎಂಬ ಹಳೆಯ ಹಟ್ಟಿಯಲ್ಲಿ ಮರದಡಿ ಕಲ್ಲಿನ ಕುರ್ಚಿಗಳು, ಕಲ್ಲಿನ ಮೇಜು ಇವೆ. ಅರಸ ಕುಳಿತು ಅಪರಾಧಿಗಳ ವಿಚಾರಣೆ ಮಾಡುತ್ತಿದ್ದ ಜಾಗ ಅದು. ಪಕ್ಕದಲ್ಲೇ ಶಿಕ್ಷೆ ಜಾರಿಯಾಗುತ್ತಿದ್ದ ಕಲ್ಲುಗಳಿವೆ. ಗೈಡ್‌ಗಳು ತಲೆ ಕಡಿದದ್ದು, ಮಾಂಸ ಹಂಚಿದ್ದು ಎಲ್ಲವನ್ನೂ ಅಭಿನಯಿಸಿ ಹೇಳುತ್ತಾರೆ. ಹತ್ತು ದಾಟಿದ ಮಕ್ಕಳು ಕಣ್ಣರಳಿಸಿ ಕೇಳಬಹುದು. ಚಿಕ್ಕವರಿದ್ದರೆ ಮೊದಲೇ ಗೈಡ್‌ಗೆ ತಿಳಿಸಿ ಆ ಭಾಗ ಬಿಡಿಸಿ. ಅವರನ್ನು ಮನೆಗಳ ಕಡೆ ಕರೆದೊಯ್ಯಿರಿ. ಕಂಬಗಳ ಮೇಲೆ ಎತ್ತಿ ಕಟ್ಟಿದ, ಎರಡು ತುದಿ ಮೇಲಕ್ಕೆ ಚಿಮ್ಮಿದ ಸೂರಿನ ಮನೆಗಳು. ಅಡಿಯಲ್ಲಿ ದನ ಹಂದಿಗಳ ಜಾಗ. ಮುಂಗೋಡೆಯ ತುಂಬ ಕೆಂಪು, ಕಪ್ಪು, ಬಿಳಿ ಮೂರೇ ಬಣ್ಣದ ಕೆತ್ತನೆ. ಅದರಲ್ಲಿ ಹಲ್ಲಿ ಎಲ್ಲಿದೆ ಹುಡುಕು ಎಂದು ಮಕ್ಕಳಿಗೆ ಹೇಳಿ. ಒಂದಲ್ಲ, ಹಲವು ಸಿಗುತ್ತವೆ. ಎಲ್ಲಿ ಬಿಟ್ಟರೂ ಗೋಡೆಗೆ ಅಂಟಿ ಬದುಕುವ ಹಲ್ಲಿ ಇವರಿಗೆ ಶುಭ. ಬಾಗಿಲು ಗಿಡ್ಡ, ಏಣಿ ಕಡಿದು; ಮೊಣಕಾಲು ನೋವಿನ ಹಿರಿಯರು ಹೊರಗಿನಿಂದ ನೋಡಿದರೆ ಸಾಕು.

ಸಿಗಾಲೆ-ಗಾಲೆ ಬೊಂಬೆಯಾಟವನ್ನಂತೂ ತಪ್ಪಿಸಬೇಡಿ. ತೋಮೋಕ್‌ನಲ್ಲೂ ಅಂಬರಿತಾದಲ್ಲೂ ನಡೆಯುತ್ತದೆ. ಆಳೆತ್ತರದ ಮರದ ಗಂಡು ಬೊಂಬೆ, ಉಲೊಸ್ ಎಂಬ ನೇಯ್ಗೆಯ ಶಲ್ಯ ಹೊದ್ದು ಉದ್ದನೆಯ ಪೆಟ್ಟಿಗೆಯ ಮೇಲೆ ನಿಂತಿರುತ್ತದೆ. ಪೆಟ್ಟಿಗೆಯ ಹಿಂದೆ ಕುಳಿತವರು ಹಗ್ಗ ಎಳೆದರೆ ಅದರ ತೋಳು, ಬೆರಳು, ಕತ್ತು ಗೊಂದಾಂಗ್ ವಾದ್ಯದ ತಾಳಕ್ಕೆ ಕುಣಿಯುತ್ತವೆ. ಯುದ್ಧದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡು ಹಾಸಿಗೆ ಹಿಡಿದ ಅರಸನಿಗಾಗಿ ಮಗನ ರೂಪದಲ್ಲೇ ಬೊಂಬೆ ಕೆತ್ತಿ ಕುಣಿಸಿದರಂತೆ. ಹಿಂದೆ ಮಕ್ಕಳಿಲ್ಲದೆ ಸತ್ತವರ ಉತ್ತರಕ್ರಿಯೆಯಲ್ಲಿ ಈ ಬೊಂಬೆ ಕುಣಿಯುತ್ತಿತ್ತು. ಯಕ್ಷಗಾನ ಬೊಂಬೆಯಾಟ ನೋಡಿದ ಮಕ್ಕಳಿಗೆ ಹಗ್ಗದ ಕೈಚಳಕ ಹೇಗೆ ಎಂಬ ಕುತೂಹಲ ಸಹಜವಾಗಿ ಬರುತ್ತದೆ; ಆಟ ಮುಗಿದ ಮೇಲೆ ಹಿಂದೆ ಹೋಗಿ ನೋಡಬಹುದೇ ಎಂದು ಕೇಳಿ.

ಒಂದು ದಿನ ಪೂರ್ತಿ ಪಂಗುರುರಾನ್ ದಿಕ್ಕಿಗೆ ಇಡಿ. ದಾರಿಯಲ್ಲಿ ಸಿಮಾನಿಂದೊದ ಹಳೆಯ ಅರಸುಮನೆ ಈಗ ವಸ್ತುಸಂಗ್ರಹಾಲಯ. ಸೇತುವೆ ದಾಟಿದರೆ ಬಟಾಕರ ಮೂಲಪುರುಷ ಇಳಿದುಬಂದನೆಂದು ನಂಬುವ ಪುಸುಕ್ ಬುಹಿತ್ ಬೆಟ್ಟ, ಅದರ ಬುಡದಲ್ಲಿ ಗಂಧಕದ ಬಿಸಿನೀರಿನ ಬುಗ್ಗೆಗಳು. ನೆಲದಡಿಯ ಕಾವು ಇನ್ನೂ ಆರಿಲ್ಲ ಎಂಬುದನ್ನು ಮಕ್ಕಳು ಕೈಯಾರೆ ತಿಳಿಯುವ ಜಾಗ ಇದು. ನೀರು ಕೆಲವು ಕಡೆ ಸುಡುವಷ್ಟು ಬಿಸಿ, ಆದ್ದರಿಂದ ದೊಡ್ಡವರು ಮೊದಲು ಮುಟ್ಟಿ ನೋಡಿ. ಬರುವಾಗ ದ್ವೀಪದ ಮೇಲ್ಭಾಗದ ಸಿದಿಹೊನಿ ಎಂಬ ಪುಟ್ಟ ಕೆರೆಗೆ ಹೋಗಿ. ಸುಮಾತ್ರಾ ಒಂದು ದ್ವೀಪ, ಅದರೊಳಗೆ ತೋಬಾ ಸರೋವರ, ಅದರೊಳಗೆ ಸಮೋಸಿರ್ ದ್ವೀಪ, ಅದರೊಳಗೆ ಈ ಕೆರೆ. ಇದನ್ನು ಮಗುವಿನ ಕೈಯಿಂದಲೇ ಚಿತ್ರ ಬರೆಸಿ.

ಊಟದ ಮಾತು

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ, ಆದರೆ ಎಚ್ಚರ ತಪ್ಪಬಾರದು. ಬಟಾಕರ ಊಟದ ಮನೆಗಳಲ್ಲಿ ಹಂದಿಮಾಂಸ ಮುಖ್ಯ. ಫಲಕದಲ್ಲಿ ‘ಬಿ2’ ಎಂದಿದ್ದರೆ ಹಂದಿ, ‘ಬಿ1’ ಎಂದಿದ್ದರೆ ನಾಯಿ. ಸಸ್ಯಾಹಾರಕ್ಕೆ ಟೆಂಪೆ, ತಾಹು ಎಂಬ ಸೋಯಾ ಗಟ್ಟಿಗಳು, ತರಕಾರಿ ಹಾಕಿದ ನಾಸಿ ಗೋರೆಂಗ್, ಶೇಂಗಾ ಗೊಜ್ಜು ಸುರಿದ ಗಾದೊ-ಗಾದೊ ಎಲ್ಲೆಡೆ ಸಿಗುತ್ತವೆ. ಆದರೆ ಖಾರದ ಚಟ್ನಿಯಲ್ಲಿ, ಕೆಲವೊಮ್ಮೆ ಶೇಂಗಾ ಗೊಜ್ಜಿನಲ್ಲೂ ತೆರಾಸಿ ಎಂಬ ಸಿಗಡಿ ಹುದುಗಿಸಿದ ಮುದ್ದೆ ಸೇರಿರುತ್ತದೆ. ಹಪ್ಪಳವೂ ಅನೇಕ ಸಲ ಸಿಗಡಿಯದೇ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಣ್ಣ ಮೀನು ಹಾಕಿದ್ದನ್ನು ತಂದಿಡುವುದುಂಟು. ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಇಕಾನ್, ಉದಾಂಗ್, ತೆಲುರ್, ತೆರಾಸಿ’ ಎಂದು ಬಿಡಿಸಿ ಹೇಳಿ: ಮಾಂಸ, ಮೀನು, ಸಿಗಡಿ, ಮೊಟ್ಟೆ, ತೆರಾಸಿ ತಿನ್ನುವುದಿಲ್ಲ ಎಂದರ್ಥ. ಹೋಟೆಲಿನವರ ಕೈಯಿಂದ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡರೆ ಇನ್ನೂ ಸಲೀಸು. ತುಕ್‌ತುಕ್‌ನಲ್ಲಿ ಹೊರದೇಶದವರು ದಶಕಗಳಿಂದ ಬಂದು ತಂಗುವುದರಿಂದ ಅಲ್ಲಿನ ಅಡುಗೆಯವರಿಗೆ ಈ ಬೇಡಿಕೆ ಹೊಸದಲ್ಲ.

ಮೀನು ತಿನ್ನುವವರು ಅರ್ಸಿಕ್ ಬಿಡಬಾರದು. ಅರಿಸಿನ, ಶುಂಠಿ, ನಿಂಬೆಹುಲ್ಲು ಹಾಕಿ ನೀರು ಇಂಗುವವರೆಗೆ ಬೇಯಿಸಿದ ಗೆಂಡೆ ಮೀನು ಅದು. ಅದರಲ್ಲಿರುವ ಅಂದಾಲಿಮಾನ್ ಕಾಳು ನಾಲಗೆಯನ್ನು ಜುಂ ಎನ್ನಿಸುತ್ತದೆ. ನಮ್ಮ ಕರಾವಳಿ ಮಲೆನಾಡಿನ ಜುಮ್ಮನಕಾಯಿಯ ಹತ್ತಿರದ ಸಂಬಂಧಿ ಅದು, ಆ ಕಡೆಯವರಿಗೆ ಮೊದಲ ತುತ್ತಿಗೇ ಗುರುತು ಸಿಗುತ್ತದೆ. ಮಕ್ಕಳಿಗೆ ಹಾಕದೆ ಮಾಡಿಸಿ. ಅವಲಕ್ಕಿ, ರವೆ ಉಪ್ಪಿಟ್ಟಿನ ಮಿಕ್ಸ್, ಒಂದು ವಿದ್ಯುತ್ ಕೆಟಲ್ ಜೊತೆಗಿದ್ದರೆ ಬೆಳಗಿನ ಹೊತ್ತು ನಿಶ್ಚಿಂತೆ. ಅಲ್ಲಿನ ಪ್ಲಗ್ಗಿಗೆ ನಮ್ಮ ಎರಡು ಪಿನ್ನಿನದು ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ನಲ್ಲಿ ನೀರು ಕುಡಿಯಬೇಡಿ. ನಗದು ಮೇದಾನ್‌ನಲ್ಲೇ ತೆಗೆದಿಟ್ಟುಕೊಳ್ಳಿ, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ. ಮೇದಾನ್‌ನಲ್ಲಿ ಕೆಲಸಕ್ಕೆ ಬಂದ ಟ್ಯಾಕ್ಸಿ ಆ್ಯಪ್‌ಗಳನ್ನು ದ್ವೀಪದಲ್ಲಿ ನಂಬಿಕೊಳ್ಳಬೇಡಿ.

ಮರಳುವಾಗ ದೋಣಿಯನ್ನೂ ವಿಮಾನವನ್ನೂ ಒಂದೇ ದಿನಕ್ಕೆ ಹೊಂದಿಸಬೇಡಿ. ಗಾಳಿ ಜೋರಿದ್ದರೆ ದೋಣಿ ಹೊರಡುವುದಿಲ್ಲ, ಹೊರಡಲೂಬಾರದು. ವಿಮಾನ ತಪ್ಪುತ್ತದೆಂಬ ಆತಂಕದಲ್ಲಿರುವವರೇ ತುಂಬಿದ ದೋಣಿಗೆ ಕಾಲಿಡುವುದು. ಹಿಂದಿನ ದಿನ ಬೆಳಗಿನ ದೋಣಿ ಹಿಡಿದು ಪರಾಪಟ್‌ಗೆ ಬನ್ನಿ, ಮಧ್ಯಾಹ್ನದ ಊಟ ಸಿಯಾಂತಾರ್‌ನಲ್ಲಿ ಮುಗಿಸಿ, ಸಂಜೆಯೊಳಗೆ ಮೇದಾನ್ ಸೇರಿ ರಾತ್ರಿ ಅಲ್ಲಿ ಮಲಗಿ.